ಸಹಪಾಠಿಯ ಪಾಲು

ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಹಳೆಯ ಕೋಟೆಯ ಊರು. ಇಂಥ ಊರಿನ ಹುಡುಗನೊಬ್ಬ ಕಾಲೇಜಿಗೆ ಸೇರುವುದೆಂದರೆ ಬಹಳ ಕಾಲ ಊರು ಬಿಡುವುದೆಂದೇ ಅರ್ಥವಾಗಿತ್ತು. ಹತ್ತಿರಕ್ಕೆ ಭಾಲ್ಕಿ, ಬೀದರ. ಗಡಿ ದಾಟಿದರೆ ಉದಗೀರ. ಮನೆಯವರಿಗೆ ಶಕ್ತಿಯಿದ್ದರೆ ಕಲಬುರ್ಗಿ ಅಥವಾ ಹೈದರಾಬಾದು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ವಾರಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಬಾಡಿಗೆಯ ಖೋಲಿಯಲ್ಲಿ ಜೊತೆಗೊಬ್ಬ ಬೇರೆ ಊರಿನವನು, ಬೇರೆ ಜಾತಿಯವನು, ಎಷ್ಟೋ ಸಲ ಬೇರೆ ಮನೆಮಾತಿನವನು. ಎರಡು ಮೂರು ವರ್ಷ ಒಂದೇ ಸ್ಟೌವಿನ ಮೇಲೆ ಚಹಾ ಕಾಯಿಸಿ, ಒಂದೇ ರೇಡಿಯೊ ಕೇಳಿ, ಒಂದೇ ಪುಸ್ತಕವನ್ನು ಸರದಿಯ ಮೇಲೆ ಓದಿದ ಮೇಲೆ ಅವನಿಗೆ ‘ದೋಸ್ತ’ ಎಂಬ ಹೆಸರು ಬೀಳುತ್ತದೆ.

ಈ ದೋಸ್ತ ಸತ್ತರೆ ಉಳಿದವನು ಏನು ಮಾಡಬೇಕು? ಪ್ರಶ್ನೆ ಸಣ್ಣದೆನಿಸಬಹುದು. ತಂದೆ ಸತ್ತರೆ ಮಗ ಮಾಡಬೇಕಾದ ಕೆಲಸಗಳಿಗೆ ಲೆಕ್ಕವಿಲ್ಲ. ಸೋದರಮಾವ ಸತ್ತರೆ ಅಳಿಯ ಎಲ್ಲಿ ನಿಲ್ಲಬೇಕು, ಯಾವ ದಿನ ಬಟ್ಟೆ ತರಬೇಕು ಎಂಬುದಕ್ಕೂ ಊರೂರಿಗೆ ಕಟ್ಟಳೆಯುಂಟು. ಕಾಲೇಜಿನ ಗೆಳೆಯನಿಗೆ ಮಾತ್ರ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಅವನು ಮನೆಯ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ನಿಂತು, ಯಾರೊಡನೆ ಮಾತಾಡಬೇಕೆಂದು ತಿಳಿಯದೆ, ಬಸ್ಸಿನ ಹೊತ್ತು ನೋಡಿಕೊಂಡು ಹಿಂದಿರುಗುತ್ತಾನೆ.

ಅದೂ ಸುದ್ದಿ ಸಮಯಕ್ಕೆ ಮುಟ್ಟಿದ್ದರೆ. ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಅಂದಿನಿಂದ ನೂರು ವರ್ಷಕ್ಕೂ ಮಿಕ್ಕಿ ಸಾವಿನ ಸುದ್ದಿಯನ್ನು ಹೊತ್ತು ತಿರುಗಿದ್ದು ಬಹುಮಟ್ಟಿಗೆ ಅದೇ. ಉತ್ತರ ಭಾರತದ ಅನೇಕ ಕಡೆ ಅಂಥ ಕಾರ್ಡಿನ ಒಂದು ಮೂಲೆ ಹರಿದಿರುತ್ತಿತ್ತು. ನಮ್ಮ ಮನೆಗಳಲ್ಲಿ ಓದಿದ ಕೂಡಲೇ ಕಾಗದವನ್ನು ಹರಿದು ಹಾಕುತ್ತಿದ್ದರು. ಅವಸರವಿದ್ದವರಿಗೆ ತಂತಿ, ಆ ಸೇವೆಯೂ 2013ರ ಜುಲೈಯಲ್ಲಿ ನಿಂತಿತು. ಈ ಕಾರ್ಡು, ತಂತಿಗಳು ಯಾರಿಗೆ ಹೋಗುತ್ತಿದ್ದವು? ಮನೆಯ ಹಿರಿಯರು ಹೇಳಿ ಬರೆಸಿದ ಪಟ್ಟಿಯಲ್ಲಿ ಬೀಗರು, ಭಾವಮೈದುನರು, ದಾಯಾದಿಗಳು ಇರುತ್ತಿದ್ದರು. ಮಗನ ಖೋಲಿಯಲ್ಲಿದ್ದ ಹುಡುಗನ ವಿಳಾಸ ಮನೆಯಲ್ಲಿ ಗೊತ್ತಿದ್ದವನು ಒಬ್ಬನೇ, ಅವನೇ ಸತ್ತವನು. ಆದ್ದರಿಂದ ಗೆಳೆಯನಿಗೆ ವಿಷಯ ತಿಳಿಯುತ್ತಿದ್ದುದು ತಿಂಗಳುಗಳಾದ ಮೇಲೆ, ದೀಪಾವಳಿಗೋ ಯುಗಾದಿಗೋ ಬರೆದ ಕಾಗದಕ್ಕೆ ಆ ಮನೆಯ ಬೇರೆ ಯಾರೋ ಉತ್ತರ ಬರೆದಾಗ. ಅಷ್ಟು ಹೊತ್ತಿಗೆ ಅಳುವ ಕಾಲವೂ ಮುಗಿದಿರುತ್ತಿತ್ತು.

ಶಾಸ್ತ್ರಕಾರರು ಈ ಗೆಳೆಯನನ್ನು ಪೂರ್ತಿ ಮರೆತಿದ್ದರೇ ಎಂದು ನೋಡಿದರೆ, ಇಲ್ಲ. ಉತ್ತರ ಸಿಗುವುದು ಭಾತಂಬ್ರಾಕ್ಕೆ ದೂರವಲ್ಲದ ಜಾಗದಲ್ಲಿಯೇ. ಇಂದಿನ ಬಸವಕಲ್ಯಾಣ, ಅಂದಿನ ಕಲ್ಯಾಣ, ಕಲ್ಯಾಣದ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ. ಅದರ ದಾಯಭಾಗದ ಪ್ರಕರಣವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಅದನ್ನೇ ಹಿಡಿದುಕೊಂಡವು. ಬಂಗಾಳದ ಕಡೆಯನ್ನು ಬಿಟ್ಟರೆ ಹಿಂದೂಗಳ ಆಸ್ತಿಯ ತಂಟೆಗಳೆಲ್ಲ ಮಿತಾಕ್ಷರದ ಆಧಾರದ ಮೇಲೆ ತೀರ್ಮಾನವಾಗುತ್ತಿದ್ದವು.

ಈ ಗ್ರಂಥದಲ್ಲಿ ಗೆಳೆಯನ ಮಾತು ಎರಡು ಕಡೆ ಬರುತ್ತದೆ. ಸತ್ತವರಿಗೆ ನೀರು ಬಿಡುವ ವಿಧಿಯನ್ನು ಹೇಳುವಾಗ ಯಾಜ್ಞವಲ್ಕ್ಯನು ದಾಯಾದಿಗಳು ಕೊಡಲೇಬೇಕಾದ ಉದಕವನ್ನು ಮೊದಲು ಹೇಳಿ, ಆಮೇಲೆ ಇನ್ನೊಂದು ಬಗೆಯನ್ನು ಸೇರಿಸುತ್ತಾನೆ. ಅದರ ಹೆಸರು ‘ಕಾಮೋದಕ’. ಮನಸ್ಸಿದ್ದರೆ ಕೊಡಬಹುದಾದ ನೀರು ಎಂದರ್ಥ. ಅದು ಸಲ್ಲುವುದು ಗೆಳೆಯನಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ, ಸೋದರಿಯ ಮಗನಿಗೆ, ಮಾವನಿಗೆ, ಋತ್ವಿಜನಿಗೆ. ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ದೋಷವಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರೇ ಗೆಳೆಯನದು ಎಂಬುದು ಗಮನಿಸಬೇಕಾದ ಸಂಗತಿ. ಮಹಾಲಯ ಪಕ್ಷದಲ್ಲಿ ತರ್ಪಣ ಬಿಡುವವರ ಪಟ್ಟಿಯಲ್ಲಿ ಗುರು, ಆಚಾರ್ಯರ ಜೊತೆಗೆ ಇಂದಿಗೂ ‘ಸಖ’ನೊಬ್ಬ ಬರುತ್ತಾನೆ, ಆದರೆ ಆ ಹೊತ್ತಿಗೆ ಪುರೋಹಿತರ ಗಡಿಬಿಡಿಯಲ್ಲಿ ಹೆಸರು ಹೇಳಲು ನೆನಪಾಗಬೇಕಷ್ಟೆ.

ಎರಡನೆಯದು ಇನ್ನೂ ಸ್ವಾರಸ್ಯಕರ. ಗಂಡು ಸಂತಾನವಿಲ್ಲದೆ ಸತ್ತವನ ಆಸ್ತಿ ಯಾರಿಗೆ? ಹೆಂಡತಿ, ಹೆಣ್ಣುಮಕ್ಕಳು, ತಾಯಿ ತಂದೆ, ಅಣ್ಣತಮ್ಮಂದಿರು, ಅವರ ಮಕ್ಕಳು, ಗೋತ್ರದವರು, ಬಂಧುಗಳು, ಶಿಷ್ಯ, ಕಟ್ಟಕಡೆಗೆ ‘ಸಬ್ರಹ್ಮಚಾರಿ’. ಸಬ್ರಹ್ಮಚಾರಿ ಎಂದರೆ ಒಂದೇ ಗುರುವಿನಲ್ಲಿ ಜೊತೆಗೆ ಓದಿದವನು. ಇಂದಿನ ಮಾತಿನಲ್ಲಿ ಕ್ಲಾಸ್‌ಮೇಟು! ರಕ್ತಸಂಬಂಧವೆಲ್ಲ ಮುಗಿದ ಮೇಲೆ, ಆಸ್ತಿ ಅರಸನ ಬೊಕ್ಕಸಕ್ಕೆ ಹೋಗುವ ಮೊದಲು, ಸಹಪಾಠಿಗೊಂದು ಸರದಿಯಿತ್ತು. ಸಾಲಿನ ತುದಿಯಲ್ಲಿ ನಿಂತ ಅವನ ತನಕ ನಿಜವಾಗಿ ಎಷ್ಟು ಆಸ್ತಿಗಳು ಬಂದಿದ್ದಾವು ಎಂಬುದು ಬೇರೆ ಮಾತು. ಒಟ್ಟಿಗೆ ಕಲಿತದ್ದೂ ಒಂದು ನಂಟು ಎಂದು ಕಾನೂನು ಒಪ್ಪಿಕೊಂಡಿತ್ತಲ್ಲ, ಅದು ಮುಖ್ಯ.

1956ರ ಜೂನ್‌ನಲ್ಲಿ ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂತು. ಹೆಣ್ಣುಮಕ್ಕಳಿಗೆ ನ್ಯಾಯ ದೊರಕಿಸುವ ದಾರಿಯಲ್ಲಿ ಅದು ದೊಡ್ಡ ಹೆಜ್ಜೆ. ಆ ಬಗ್ಗೆ ಎರಡು ಮಾತಿಲ್ಲ. ಅದೇ ಕಾಯಿದೆ ಸದ್ದಿಲ್ಲದೆ ಗುರು, ಶಿಷ್ಯ, ಸಹಪಾಠಿಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಈಗ ಬಂಧುಗಳು ಯಾರೂ ಇಲ್ಲದಿದ್ದರೆ ಆಸ್ತಿ ನೇರವಾಗಿ ಸರ್ಕಾರಕ್ಕೆ.

ಬೀದರ ಸೀಮೆಯ ಸಹಪಾಠಿಗಳಿಗೆ ಅದೇ ವರ್ಷ ಇನ್ನೊಂದು ಪೆಟ್ಟು ಕಾದಿತ್ತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಮೂರು ಪಾಲಾಯಿತು. ಅಲ್ಲಿಯ ತನಕ ಬೀದರ ಜಿಲ್ಲೆಯೊಳಗೇ ಇದ್ದ ಉದಗೀರ, ಅಹಮದಪುರ, ನಿಲಂಗಾಗಳು ಉಸ್ಮಾನಾಬಾದಿಗೆ ಸೇರಿದವು. ಝಹೀರಾಬಾದ್, ನಾರಾಯಣಖೇಡ ಕಡೆಯ ಊರುಗಳು ಮೇದಕ್ಕಿಗೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಭಾಷೆಯ ದೃಷ್ಟಿಯಿಂದ ಇದು ಆಗಬೇಕಾದದ್ದೇ. ಆದರೂ ಒಂದೇ ಬೆಂಚಿನ ಮೇಲೆ ಕೂತಿದ್ದ ಮೂವರು ಬೆಳಗಾಗುವಷ್ಟರಲ್ಲಿ ಮೂರು ರಾಜ್ಯಗಳವರಾದರು. ನೌಕರಿ ಬೇರೆ, ಬದಲಿ ಬೇರೆ, ಮಕ್ಕಳು ಓದುವ ಭಾಷೆ ಬೇರೆ. ಹೀಗೆ ‘ಕಳೆದುಹೋದ’ ಗೆಳೆಯರಲ್ಲಿ ಎಲ್ಲರೂ ಸತ್ತವರಲ್ಲ.

ಅದಕ್ಕೂ ಮೊದಲು 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ನೂರಾರು ವಿದ್ಯಾರ್ಥಿಗಳು ಕಾಲೇಜಿನಿಂದ ಹೊರಬಿದ್ದಿದ್ದರು. ಬಹಳ ಮಂದಿ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಆಗಲೂ ಖೋಲಿಗಳು ಒಡೆದವು.

ಶಾಸ್ತ್ರ ‘ಮನಸ್ಸಿದ್ದರೆ’ ಎಂದು ಬಿಟ್ಟ ಜಾಗ, ಕಾನೂನು ಅಳಿಸಿಹಾಕಿದ ಜಾಗ, ಇವನ್ನು ಜನ ತುಂಬಿಕೊಂಡದ್ದು ಯಾವುದರಿಂದ? ದೊಡ್ಡ ಆಚರಣೆಗಳಿಂದಲ್ಲ. ಗೆಳೆಯರಿಬ್ಬರೂ ಹೊತ್ತು ಕಳೆಯಲು ಏನು ಮಾಡುತ್ತಿದ್ದರೋ ಅದರಿಂದಲೇ. ಹಾಡು ಬರೆದಿಟ್ಟುಕೊಳ್ಳುವುದು, ಶಾಯರಿ, ರೇಡಿಯೊ, ಆಟ.

ಬೇಟೆಯನ್ನೂ ಈ ಸಾಲಿಗೆ ಸೇರಿಸಬೇಕು. ಕನ್ನಡ ನಾಡಿನಲ್ಲಿ ಜೊತೆಗಾರನಿಗಾಗಿ ನಿಲ್ಲಿಸಿದ ಕಲ್ಲುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಮಂಡ್ಯ ಜಿಲ್ಲೆಯ ಆತಕೂರಿನದು, ಹತ್ತನೆಯ ಶತಮಾನದ ನಡುವಿನದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಚೋಳರೊಡನೆ ಕಾದಿದ ಗಂಗರ ಬೂತುಗ, ತನ್ನ ಬಂಟ ಮಣಲೇರನ ಶೌರ್ಯವನ್ನು ಮೆಚ್ಚಿ ಏನು ಬೇಕೆಂದು ಕೇಳಿದನಂತೆ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಬೂತುಗನ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದ. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕಾಗಿ ಮಣಲೇರ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಎದುರುಬದುರಾಗಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಂಧುವಲ್ಲದ ಜೊತೆಗಾರನಿಗೆ ಇಷ್ಟು ಮಾಡಿದವರು ನಮ್ಮಲ್ಲಿ ಇದ್ದರು.

ಬೀದರದ ಕಡೆಗೆ ಮರಳೋಣ. ಇಲ್ಲಿನ ಹಳೆಯ ಹವ್ಯಾಸಗಳಲ್ಲಿ ‘ಬಯಾಜ್’ ಎಂಬುದೊಂದು. ಅರಬಿಯಲ್ಲಿ ಬಯಾಜ್ ಎಂದರೆ ಬಿಳುಪು. ರೂಢಿಯಲ್ಲಿ ಖಾಲಿ ಹಾಳೆಗಳ ಪುಸ್ತಕ. ಮೆಚ್ಚಿದ ಶೇರುಗಳು, ಗಜಲಿನ ಸಾಲುಗಳು, ಮೊಹರಂನ ಶೋಕಗೀತೆಗಳು, ಮದ್ದಿನ ಪಾಕ, ಮಕ್ಕಳ ಜನ್ಮದಿನ, ಎಲ್ಲವೂ ಅದರಲ್ಲಿ ಏರುತ್ತಿದ್ದವು. ಪರ್ಷಿಯಾದಿಂದ ದಖ್ಖನಿಗೆ ಬಂದ ಈ ಪದ್ಧತಿಯಲ್ಲಿ ಪುಸ್ತಕ ಉದ್ದುದ್ದವಾಗಿದ್ದು, ಅಡ್ಡಬದಿಯಲ್ಲಿ ಹೊಲಿಗೆ ಹಾಕಿ, ಮೇಲಕ್ಕೆ ತೆರೆಯುವಂತೆ ಇರುತ್ತಿತ್ತು. ಅಂಗಿಯ ತೋಳಿನಲ್ಲಿ ಸೇರಿಸಿಟ್ಟುಕೊಳ್ಳಲು ಅನುಕೂಲ. ನಮ್ಮ ಭಜನಾ ಮಂಡಳಿಗಳ ಕೈಬರಹದ ಪದಗಳ ಪುಸ್ತಕವೂ ಇದೇ ಜಾತಿಯದು. ಹುಮನಾಬಾದಿನ ಮಾಣಿಕಪ್ರಭುಗಳು (1817-1865) ಮರಾಠಿ, ಕನ್ನಡ, ಹಿಂದೂಸ್ತಾನಿಗಳಲ್ಲಿ ಪದಗಳನ್ನು ಕಟ್ಟಿದವರು. ಈ ಸೀಮೆಯಲ್ಲಿ ಹಾಡಿನ ಪುಸ್ತಕವೆಂದರೆ ಒಂದೇ ಭಾಷೆಯದಾಗಿರಬೇಕೆಂಬ ನಿಯಮ ಎಂದೂ ಇರಲಿಲ್ಲ.

ನಿಜಾಮರ ಕಾಲದಲ್ಲಿ ಶಾಲೆಯ ಮಾತು ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾದಲ್ಲಿ ಪದವಿಯ ಪಾಠವೂ ಉರ್ದುವಿನಲ್ಲಿಯೇ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಈ ಜಿಲ್ಲೆಯಲ್ಲಿ ಕೇಳದವರಿಲ್ಲ. ಹಾಗೆ ಓದಿದ ತಲೆಮಾರಿನ ಕನ್ನಡಿಗರ ಮನಸ್ಸಿನಲ್ಲಿ ವಚನವೂ ಗಜಲೂ ಅಕ್ಕಪಕ್ಕ ಇದ್ದವು. ಹಾಸ್ಟೆಲಿನ ಸಂಜೆಯ ಆಟ ‘ಬೈತ್‌ಬಾಜಿ’. ಒಬ್ಬ ಹೇಳಿದ ಶೇರಿನ ಕೊನೆಯ ಅಕ್ಷರದಿಂದ ಮತ್ತೊಬ್ಬ ಇನ್ನೊಂದು ಶೇರನ್ನು ಎತ್ತಬೇಕು. ನಮ್ಮ ಅಂತ್ಯಾಕ್ಷರಿಯ ಅಣ್ಣ ಎನ್ನಬಹುದು. ಇದಕ್ಕೆ ಬಯಾಜಿನ ಸರಕು ಬೇಕು. ಆದ್ದರಿಂದ ಒಬ್ಬನ ಬಯಾಜಿನಲ್ಲಿ ಇನ್ನೊಬ್ಬನ ಕೈಬರಹ ಸೇರುವುದು ಸಹಜ. ಆ ಇನ್ನೊಬ್ಬ ಸತ್ತ ದಿನ ಬಯಾಜಿನ ಬೆಲೆ ಬದಲಾಗುತ್ತದೆ. ಕಲಿಯಲು ಬರೆದಿಟ್ಟ ಸಾಲು ಅವನ ಕೈಯ ಗುರುತಾಗಿ ಉಳಿಯುತ್ತದೆ.

ಬಯಾಜುಗಳಲ್ಲಿ ಕಾಣುವ ಇನ್ನೊಂದು ಚಮತ್ಕಾರ ‘ತಾರೀಖು’ ಕಟ್ಟುವುದು. ಅರಬಿ ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಮೊದಲ ಅಕ್ಷರಕ್ಕೆ 1, ಮುಂದೆ ಹತ್ತುಗಳು, ನೂರುಗಳು, ಕೊನೆಗೆ 1000. ಇದಕ್ಕೆ ‘ಅಬ್ಜದ್’ ಎಂದು ಹೆಸರು. ಒಂದು ಘಟನೆಯನ್ನು ಕುರಿತು ಆಡಿದ ಮಾತಿನ ಅಕ್ಷರಗಳನ್ನು ಕೂಡಿದರೆ ಆ ಘಟನೆಯ ಹಿಜರಿ ವರ್ಷವೇ ಬರಬೇಕು. ನಮ್ಮ ಶಾಸನ, ಕಾವ್ಯಗಳಲ್ಲಿಯೂ ಗಿರಿ ಎಂದರೆ ಏಳು, ಶರ ಎಂದರೆ ಐದು ಎಂಬ ಜಾಣ್ಮೆ ಇದೆಯಷ್ಟೆ. ಆದರೆ ಅಬ್ಜದಿನಲ್ಲಿ ಮಾತು ಮಾತಾಗಿಯೂ ಉಳಿಯಬೇಕು, ಲೆಕ್ಕವೂ ಕೂಡಬೇಕು. ಇದು ಕಷ್ಟ.

ಬೀದರದ ಮಹಮೂದ್ ಗವಾನನ ಮದರಸಾ ಇದಕ್ಕೆ ಒಳ್ಳೆಯ ಉದಾಹರಣೆ. ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯ 1472ರ ಸುಮಾರಿಗೆ ಮುಗಿಯಿತು, ಹಿಜರಿ 876. ಸಾಮಿ ಎಂಬ ಕವಿ ಅದರ ತಾರೀಖನ್ನು ಕುರಾನಿನಲ್ಲಿ ಹುಡುಕಿದ. ಇಬ್ರಾಹಿಂ ಮತ್ತು ಇಸ್ಮಾಯಿಲ್ ಕಾಬಾದ ಗೋಡೆ ಎತ್ತುವಾಗ, ತಮ್ಮ ಕೆಲಸವನ್ನು ಒಪ್ಪಿಕೋ ಎಂದು ದೇವರನ್ನು ಬೇಡುವ ಮೂರು ಮಾತುಗಳಿವೆ. ಅವುಗಳ ಬೆಲೆ 253, 532, 91. ಕೂಡಿದರೆ 876!

ಗವಾನನೂ ಗೆಳೆತನದ ಮನುಷ್ಯ. ಅವನ ಹವ್ಯಾಸ ಪತ್ರ ಬರೆಯುವುದು. ದೂರದ ಹೆರಾತಿನ ಕವಿ ಜಾಮಿಯೂ ಸೇರಿದಂತೆ ವಿದ್ವಾಂಸರಿಗೆ, ಗೆಳೆಯರಿಗೆ, ರಾಜರಿಗೆ ಅವನು ಬರೆದ ಪಾರಸಿ ಪತ್ರಗಳು ‘ರಿಯಾಜ್-ಉಲ್-ಇನ್ಶಾ’ ಎಂಬ ಸಂಕಲನವಾಗಿ ಉಳಿದಿವೆ. ವಿಧಿಯ ಆಟವೆಂದರೆ ಅವನನ್ನು ಕೊಂದದ್ದೂ ಒಂದು ಪತ್ರವೇ. ವೈರಿಗಳು ಖಾಲಿ ಕಾಗದದ ಮೇಲೆ ಅವನ ಮೊಹರನ್ನು ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆದಂತೆ ಕೃತಕ ಪತ್ರ ಬರೆದರು. ಮೂರನೆಯ ಮುಹಮ್ಮದ್ ಶಹಾ ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ಅವನ ತಲೆ ಹಾರಿಸಿದ. ಆ ಸಾವಿಗೂ ಕವಿಗಳು ತಾರೀಖು ಕಟ್ಟಿದರು; ಅವನ ನಿರಪರಾಧವನ್ನು ಹೇಳುವ ಮಾತಿನಲ್ಲಿಯೇ ವರ್ಷವನ್ನು ಅಡಗಿಸಿದರು. ಸುಲ್ತಾನ ಪಶ್ಚಾತ್ತಾಪಪಟ್ಟು ವರ್ಷ ತುಂಬುವುದರೊಳಗೆ ತಾನೂ ಸತ್ತ. ರಾಜನ ಎದುರು ಬಾಯಿಬಿಟ್ಟು ಅಳಲಾಗದ ಗೆಳೆಯರಿಗೆ ಲೆಕ್ಕದೊಳಗೆ ಅಳುವ ದಾರಿಯೊಂದು ಇತ್ತೆಂದಾಯಿತು.

1869ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಗಾಲಿಬ್ ತೀರಿಕೊಂಡಾಗಲೂ ಹೀಗೆಯೇ ಆಯಿತು. ಗಾಲಿಬ್ ಎಂಬ ಹೆಸರಿನ ಬೆಲೆ 1033. ಅದರ ಮುಂದೊಂದು ನಿಟ್ಟುಸಿರು, ‘ಆಹ್’, ಅದರ ಬೆಲೆ 6. ‘ಸತ್ತ’ ಎಂಬರ್ಥದ ಪಾರಸಿ ಶಬ್ದಕ್ಕೆ 246. ಒಟ್ಟು 1285, ಅದೇ ಹಿಜರಿ ವರ್ಷ. ನಿಟ್ಟುಸಿರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಕಾಲೇಜು ಗೆಳೆಯನಿಗಾಗಿ ದೊಡ್ಡ ಕಾವ್ಯವನ್ನೇ ಬರೆದವರು ಇಂಗ್ಲಿಷಿನಲ್ಲಿದ್ದಾರೆ. ಕೇಂಬ್ರಿಜ್‌ನಲ್ಲಿ ಜೊತೆಗೆ ಓದಿದ ಆರ್ಥರ್ ಹ್ಯಾಲಂ 1833ರಲ್ಲಿ ವಿಯೆನ್ನಾದಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸತ್ತ ಮೇಲೆ ಟೆನಿಸನ್ ಹದಿನೇಳು ವರ್ಷ ಬಿಡಿಬಿಡಿಯಾಗಿ ಬರೆದು 1850ರಲ್ಲಿ ‘ಇನ್ ಮೆಮೋರಿಯಂ’ ಪ್ರಕಟಿಸಿದ. ಅದಕ್ಕೂ ಇನ್ನೂರು ವರ್ಷ ಮೊದಲು, ಸಮುದ್ರದಲ್ಲಿ ಮುಳುಗಿದ ಎಡ್ವರ್ಡ್ ಕಿಂಗ್‌ಗಾಗಿ ಅದೇ ಕೇಂಬ್ರಿಜ್‌ನ ಗೆಳೆಯರು ಲ್ಯಾಟಿನ್, ಗ್ರೀಕ್, ಇಂಗ್ಲಿಷ್ ಕವಿತೆಗಳ ಪುಸ್ತಕವನ್ನು 1638ರಲ್ಲಿ ಅಚ್ಚು ಹಾಕಿಸಿದ್ದರು. ಮಿಲ್ಟನ್‌ನ ‘ಲಿಸಿಡಾಸ್’ ಬಂದದ್ದು ಅದರಲ್ಲಿಯೇ. ನಮ್ಮ ಕಾಲೇಜುಗಳ ಸ್ಮರಣ ಸಂಚಿಕೆಗಳ ಮೂಲಪುರುಷ ಅದು ಎಂದರೆ ತಪ್ಪಾಗದು. ಆದರೆ ಕಾವ್ಯ ಬರೆಯಬಲ್ಲವರು ಎಷ್ಟು ಜನ? ಉಳಿದವರಿಗೆ ಆಟೋಗ್ರಾಫ್ ಪುಸ್ತಕವೇ ಗತಿ.

ಬಣ್ಣಬಣ್ಣದ ಹಾಳೆಗಳ ಆ ಪುಟ್ಟ ಪುಸ್ತಕ ಈಗಿನ ಹುಡುಗರಿಗೆ ತಿಳಿಯದು. ಮಾರ್ಚ್ ಬಂತೆಂದರೆ ಕಾಲೇಜಿನ ವರಾಂಡದಲ್ಲಿ ಅದು ಕೈಯಿಂದ ಕೈಗೆ ಓಡಾಡುತ್ತಿತ್ತು. ಹೆಸರು, ವಿಳಾಸ, ಎಲ್ಲಿಂದಲೋ ಎತ್ತಿದ ಎರಡು ಸಾಲು, ಮರೆಯಬೇಡ ಎಂಬ ಕೋರಿಕೆ. ಇದರ ಮೂಲ ಹದಿನಾರನೆಯ ಶತಮಾನದ ಜರ್ಮನಿಯಲ್ಲಿದೆ. ವಿಟೆನ್‌ಬರ್ಗ್‌ನ ವಿದ್ಯಾರ್ಥಿಗಳು ಲೂಥರ್, ಮೆಲಾಂಕ್‌ಥಾನ್ ಮೊದಲಾದ ಗುರುಗಳಿಂದ ಹಸ್ತಾಕ್ಷರ ಪಡೆಯಲು ಮೊದಲಿಟ್ಟು, ಆಮೇಲೆ ಸಹಪಾಠಿಗಳಿಂದಲೂ ಬರೆಸಿಕೊಳ್ಳತೊಡಗಿದರು. ಲ್ಯಾಟಿನ್‌ನಲ್ಲಿ ಅದಕ್ಕೆ ‘ಆಲ್ಬಂ ಅಮಿಕೋರಂ’, ಗೆಳೆಯರ ಹೊತ್ತಗೆ ಎಂದು ಹೆಸರು. ಆಲ್ಬಂ ಎಂಬ ಮಾತಿನ ಮೂಲಾರ್ಥವೂ ಬಿಳುಪು! ಬಯಾಜಿಗೂ ಅದಕ್ಕೂ ಬಾದರಾಯಣ ಸಂಬಂಧವೂ ಇಲ್ಲ. ಖಾಲಿ ಹಾಳೆಯನ್ನು ಕಂಡ ಎರಡು ನಾಡುಗಳಿಗೆ ಒಂದೇ ಹೆಸರು ಹೊಳೆದಿದೆ.

ಆ ಜರ್ಮನ್ ಹೊತ್ತಗೆಗಳಲ್ಲಿ ಒಂದು ವಿಶೇಷವಿದೆ. ಅನೇಕ ಪುಟಗಳಲ್ಲಿ ಗೆಳೆಯನ ಬರಹದ ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ಒಂದು ಸಣ್ಣ ಶಿಲುಬೆಯ ಗುರುತು ಕಾಣುತ್ತದೆ. ಎಷ್ಟೋ ವರ್ಷಗಳ ನಂತರ, ಬರೆದವನು ಸತ್ತ ಸುದ್ದಿ ಬಂದಾಗ, ಪುಸ್ತಕದ ಒಡೆಯ ಆ ಪುಟವನ್ನು ಹುಡುಕಿ ತೆಗೆದು ಹಾಕಿದ ಗುರುತು ಅದು. ಕೆಲವರು ದಿನಾಂಕವನ್ನೂ ಬರೆದಿದ್ದಾರೆ. ಮುದುಕನಾದ ವಿದ್ಯಾರ್ಥಿಯ ಪುಸ್ತಕದಲ್ಲಿ ಶಿಲುಬೆಗಳು ಹೆಚ್ಚುತ್ತಾ ಹೋಗುತ್ತವೆ. ನಮ್ಮಲ್ಲಿ ಕಾಲೇಜಿನ ಗುಂಪು ಫೋಟೊದಲ್ಲಿ, ಸತ್ತವನ ತಲೆಯ ಮೇಲೆ ಪೆನ್ನಿನಿಂದ ಚುಕ್ಕೆಯಿಟ್ಟದ್ದನ್ನು ಕಂಡವರಿಗೆ ಇದು ಹೊಸದೆನಿಸದು.

ಹೆಣ್ಣುಮಕ್ಕಳ ಪಾಲಿಗೆ ಈ ಪುಸ್ತಕದ ಕಥೆಯೇ ಬೇರೆ. ಹುಡುಗನಿಗೆ ಗೆಳೆಯನ ಊರು, ಹೆಸರು ಬದಲಾಗುವುದಿಲ್ಲ. ಹತ್ತು ವರ್ಷದ ಮೇಲೂ ಭಾಲ್ಕಿಯ ನಿಲ್ದಾಣದಲ್ಲಿ ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ. ಗೆಳತಿಯ ಹೆಸರಿನ ಮುಂದಿನ ಅಡ್ಡಹೆಸರು ಮದುವೆಯಲ್ಲಿ ಹೋಗುತ್ತದೆ, ಮರಾಠಿ ಪದ್ಧತಿಯ ಮನೆಗಳಲ್ಲಿ ಕೆಲವೊಮ್ಮೆ ಹೆಸರೇ ಹೋಗುತ್ತದೆ. ಊರಂತೂ ಹೋಗಿಯೇ ಹೋಗುತ್ತದೆ. ಆಟೋಗ್ರಾಫಿನಲ್ಲಿ ಬರೆದ ತವರಿನ ವಿಳಾಸ ಎರಡು ವರ್ಷಕ್ಕೆ ಹಳತಾಗುತ್ತದೆ. ಅವಳು ಬದುಕಿದ್ದಾಳೋ ಇಲ್ಲವೋ ಎಂಬುದೂ ತಿಳಿಯದೆ, ನೆನಪು ಆ ಗುಲಾಬಿ ಹಾಳೆಯ ಮೇಲೆ ನಿಂತುಬಿಡುತ್ತದೆ. ಗೆಳೆತನದ ಬಗ್ಗೆ ಬರೆದವರೆಲ್ಲ ಗಂಡಸರೇ ಆದ್ದರಿಂದಲೋ ಏನೋ, ಈ ಬಗೆಯ ನಷ್ಟಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ಇನ್ನು ರೇಡಿಯೊ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ಹಾಡು ಬೇಕಾದವರು ಸಿಲೋನ್ ಕಡೆ ತಿರುಗಿದರು. ಅದೇ ಡಿಸೆಂಬರ್‌ನಲ್ಲಿ ಅಮೀನ್ ಸಾಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ತಪ್ಪು ತಿದ್ದಿಕೊಳ್ಳಲೆಂಬಂತೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ರೇಡಿಯೊ ಇಡಲು ಅಂಚೆ ಕಚೇರಿಯಲ್ಲಿ ಪ್ರತಿವರ್ಷ ಲೈಸೆನ್ಸ್ ಹಣ ಕಟ್ಟಬೇಕಿದ್ದ ಕಾಲ ಅದು. ಆದ್ದರಿಂದ ಖೋಲಿಯ ಹುಡುಗರು ಕೇಳುತ್ತಿದ್ದುದು ಹೆಚ್ಚಾಗಿ ಹೋಟೆಲಿನ ರೇಡಿಯೊವನ್ನು, ಒಂದು ಕಪ್ಪು ಚಹಾವನ್ನು ಒಂದು ಗಂಟೆ ಕುಡಿಯುತ್ತ.

ಫರ್ಮಾಯಿಶ್ ಕಾರ್ಯಕ್ರಮಗಳಲ್ಲಿ ಹಾಡಿಗಿಂತ ಹೆಸರುಗಳ ಪಟ್ಟಿಯೇ ಉದ್ದ. ಇಂದಿನ ಝಾರ್ಖಂಡದಲ್ಲಿರುವ ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಗಳ ಊರು ದೇಶಕ್ಕೆಲ್ಲ ಪರಿಚಯವಾದದ್ದು ಅಲ್ಲಿನವರು ಬರೆದು ಹಾಕಿದ ಕಾರ್ಡುಗಳಿಂದಲೇ. ಈ ಕಾರ್ಡುಗಳನ್ನು ಗೆಳೆಯರ ಗುಂಪುಗಳು ಒಟ್ಟಾಗಿ ಬರೆಯುತ್ತಿದ್ದವು. ಒಬ್ಬ ಇಲ್ಲವಾದ ಮೇಲೆ ಉಳಿದವರು ಕಾರ್ಡಿನಲ್ಲಿ ಅವನ ಹೆಸರನ್ನು ಬರೆಯಬೇಕೇ ಬಿಡಬೇಕೇ? ಬರೆದರೆ ಓದುವವರಿಗೆ ತಿಳಿಯುವುದಿಲ್ಲ. ಹೆಸರು ಇಡೀ ದೇಶಕ್ಕೆ ಕೇಳಿಸುತ್ತದೆ.

ಸಿಲೋನ್ ರೇಡಿಯೊದ ಇನ್ನೊಂದು ಪದ್ಧತಿಯನ್ನು ಹೇಳದಿರಲಾಗದು. ಕುಂದನಲಾಲ್ ಸೈಗಲ್ 1947ರ ಜನವರಿ 18ರಂದು ತೀರಿಕೊಂಡರು. ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಬರುತ್ತಿದ್ದ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮದ ಕೊನೆಯ ಹಾಡು ಸೈಗಲ್ಲರದೇ ಆಗಿರಬೇಕೆಂಬ ಕಟ್ಟಳೆಯನ್ನು ಆ ಕೇಂದ್ರ ದಶಕಗಳ ಕಾಲ ನಡೆಸಿಕೊಂಡು ಬಂತು. ಎಂಟು ಹೊಡೆಯಲು ಮೂರು ನಿಮಿಷವಿದೆ ಎನ್ನುವಾಗ ಆ ದನಿ ಬರುತ್ತಿತ್ತು. ಕಾಲೇಜಿಗೆ ಹೊರಡುವವರಿಗೆ ಅದೇ ಗಡಿಯಾರ. ವರ್ಷಕ್ಕೊಂದು ತಿಥಿಯ ಬದಲು ದಿನಕ್ಕೊಂದು.

ಆಟದ ಮಾತೂ ಇದೆ. ಬೀದರ ಜಿಲ್ಲೆಯ ಹಳ್ಳಿಗಳಲ್ಲಿ, ಸುಗ್ಗಿ ಮುಗಿದ ಮೇಲೆ, ಕಬಡ್ಡಿ, ವಾಲಿಬಾಲ್, ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಗಳ ಬ್ಯಾನರುಗಳಲ್ಲಿ ‘ಸ್ಮರಣಾರ್ಥ’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ಅಪಘಾತದಲ್ಲಿಯೋ ಕಾಯಿಲೆಯಿಂದಲೋ ಹೋದ ಹುಡುಗನ ಫೋಟೊ ಒಂದು ಮೂಲೆಯಲ್ಲಿ, ಬಹುಮಾನದ ಹಣ ಮಧ್ಯದಲ್ಲಿ. ದೊಡ್ಡ ಪಂದ್ಯಗಳೂ ಹುಟ್ಟಿದ್ದು ಹೀಗೆಯೇ. ರಣಜಿತ್‌ಸಿಂಹರು 1933ರಲ್ಲಿ ತೀರಿಕೊಂಡರು, 1934ರಲ್ಲಿ ಅವರ ಹೆಸರಿನ ಟ್ರೋಫಿ ಆರಂಭವಾಯಿತು. ವಿಶ್ವವಿದ್ಯಾಲಯಗಳ ನಡುವಣ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿಯನ್ನು 1935ರಲ್ಲಿ ಕೊಟ್ಟವರು ಮುಂಬಯಿಯ ಪಾರ್ಸಿ ಗೃಹಸ್ಥರೊಬ್ಬರು, ಸತ್ತ ಮಗ ರೋಹಿಂಟನ್‌ನ ನೆನಪಿಗಾಗಿ. ಅದಕ್ಕಾಗಿ ಆಡಿದ ಸಾವಿರಾರು ಕಾಲೇಜು ಹುಡುಗರಲ್ಲಿ ಆ ಹೆಸರು ಯಾರದೆಂದು ಕೇಳಿದವರು ವಿರಳ. ಆದರೂ ಹೆಸರು ಉಳಿಯಿತು.

ಈ ವಿಷಯದಲ್ಲಿ ಇಲ್ಲಿನ ಮುಸಲ್ಮಾನರ ಪದ್ಧತಿ ಗೆಳೆಯನಿಗೆ ಹೆಚ್ಚು ಉದಾರವಾದದ್ದು. ಜನಾಜಾದ ನಮಾಜು ಇಡೀ ಸಮುದಾಯದ ಮೇಲಿನ ಹೊಣೆ. ಕೆಲವರು ಸಲ್ಲಿಸಿದರೆ ಎಲ್ಲರದೂ ಸಂದಂತೆ. ಶವಕ್ಕೆ ಹೆಗಲು ಕೊಡಲು ನಂಟು ಕೇಳುವುದಿಲ್ಲ. ಲಿಂಗಾಯತರಲ್ಲಿ, ಸೂತಕವೇ ಇಲ್ಲವೆಂದು ಶರಣರು ಹೇಳಿದ ಮೇಲೆ, ದಾಯಾದಿ ಮತ್ತು ದೋಸ್ತ ಎಂಬ ಭೇದ ತತ್ವದಲ್ಲಾದರೂ ಇರಬಾರದು. ನಡೆಯಲ್ಲಿ ಎಷ್ಟಿದೆಯೆಂಬುದನ್ನು ಅವರವರೇ ನೋಡಿಕೊಳ್ಳಬೇಕು.

ಈಗ ಕಾರ್ಡಿಲ್ಲ, ತಂತಿಯಿಲ್ಲ. ಹಳೆಯ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾವಿನ ಸುದ್ದಿ ನಿಮಿಷದೊಳಗೆ ಬರುತ್ತದೆ. ಕೈ ಮುಗಿದ ಚಿತ್ರಗಳು ಸಾಲಾಗಿ ಬೀಳುತ್ತವೆ. ಸಂಜೆಗೆ ಯಾರೋ ನಗೆಹನಿ ಕಳಿಸುತ್ತಾರೆ. ಸತ್ತವನ ನಂಬರನ್ನು ಅಳಿಸುವ ಧೈರ್ಯ ಮಾತ್ರ ಯಾರಿಗೂ ಬರುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಸತ್ತವರ ಖಾತೆಯನ್ನು ಸ್ಮಾರಕವಾಗಿಸುವ ಏರ್ಪಾಡು 2009ರಿಂದ ಇದೆ. ಹಾಗೆ ಮಾಡಿರೆಂದು ಗೆಳೆಯನೂ ಕೋರಬಹುದು. ಖಾತೆಯನ್ನು ಅಳಿಸಿಬಿಡಿ ಎನ್ನಬೇಕಾದರೆ ಹತ್ತಿರದ ಬಂಧುವೇ ಆಗಬೇಕು. ತನ್ನ ನಂತರ ಖಾತೆಯನ್ನು ನೋಡಿಕೊಳ್ಳಲು ಬದುಕಿರುವಾಗಲೇ ಗೆಳೆಯನೊಬ್ಬನನ್ನು ನೇಮಿಸುವ ಅವಕಾಶ 2015ರಲ್ಲಿ ಬಂತು. ಕಲ್ಯಾಣದ ವಿಜ್ಞಾನೇಶ್ವರನಿಗೆ ಈ ಕಟ್ಟಳೆಗಳು ಅಪರಿಚಿತವೆನಿಸುತ್ತಿರಲಿಲ್ಲ.

ಸಬ್ರಹ್ಮಚಾರಿಗೆ ಇಂದಿಗೂ ಯಾವ ಕಾಯಿದೆಯೂ ತಡೆಯದೆ ದಕ್ಕುವ ಆಸ್ತಿಯೊಂದಿದೆ. ಅದು ತಿರುಗಿ ಕೊಡದೆ ಉಳಿದ ಪುಸ್ತಕ. ಪರೀಕ್ಷೆಗೆಂದು ಎರವಲು ತಂದದ್ದು, ರಜೆ ಮುಗಿದ ಮೇಲೆ ಕೊಟ್ಟರಾಯಿತೆಂದು ಇಟ್ಟದ್ದು. ಮೊದಲ ಪುಟದಲ್ಲಿ ಅವನ ಹೆಸರು, ತರಗತಿ, ರೋಲ್ ನಂಬರು. ಅಂಚಿನಲ್ಲಿ ಪೆನ್ಸಿಲಿನ ಗೆರೆಗಳು. ಅವನ ಮನೆಯವರಿಗೆ ಕೊಡೋಣವೆಂದರೆ ಹಳೆಯ ಗಾಯವನ್ನು ಕೆದಕಿದಂತೆ, ಇಟ್ಟುಕೊಂಡರೆ ಸಾಲ. ಹೀಗೆ ಎಷ್ಟೋ ಪುಸ್ತಕಗಳು ಟ್ರಂಕಿನಿಂದ ಕಪಾಟಿಗೆ, ಕಪಾಟಿನಿಂದ ಮಕ್ಕಳ ಮನೆಗೆ ಹೋಗಿ, ಇಟ್ಟುಕೊಂಡವನೂ ಹೋದ ಮೇಲೆ ರದ್ದಿಯವನ ತಕ್ಕಡಿ ಸೇರುತ್ತವೆ. ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳು ಮುಚ್ಚಿದಾಗ ಪಾದಚಾರಿ ದಾರಿಯ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಅಲ್ಲಿ ಹುಡುಕುವವರಿಗೆ ಕೆಲವು ಪುಸ್ತಕಗಳ ಮೊದಲ ಪುಟದಲ್ಲಿ ಎರಡು ಹೆಸರು ಸಿಗುತ್ತವೆ, ಎರಡು ಕೈಬರಹದಲ್ಲಿ, ಎರಡು ಬೇರೆ ಶಾಯಿಯಲ್ಲಿ. ಮೊದಲನೆಯದನ್ನು ಎರಡನೆಯವನು ಹೊಡೆದುಹಾಕಿರುವುದಿಲ್ಲ.